ಅಕ್ಕ ಅರ್ಧಕ್ಕ ಬಿಟ್ಟು ಹ್ವಾದ ಕಸೂತಿ ಕುಂಚಿಗಿ, ಬ್ಯಾರೆಯವ್ರು ಮುಗಸಬಹುದೇನ್ರಿ?

ಕೆಲಗೇರಿ ಕಾಕಾ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಕ್ಕ ಹ್ವಾದ ವರ್ಷ ದಸರಾ ಮುಗದ ವಾರಕ್ಕ ತೀರಕೊಂಡ್ಲು, ಹಾರ್ಟ್ ಅಟ್ಯಾಕ್. ನನಗಿಂತ ಒಂಬತ್ತ ವರ್ಷ ದೊಡ್ಡಾಕಿ. ನಮ್ಮವ್ವ ಹೊಲದ ಕೆಲಸಕ್ಕ ಹೋಗ್ತಿದ್ಲು, ನನಗ ಜಳಕಾ ಮಾಡಿಸಿ ತಲಿ ಬಾಚಿ ಸಾಲಿಗೆ ಕಳಸ್ತಿದ್ದಾಕಿ ಅಕ್ಕನ. ಮುಂದ ಹುಬ್ಬಳ್ಳ್ಯಾಗ ಹೊಲಿಗಿ ಟೀಚರ್ ಆದ್ಲು. ಸೂಜಿ ತುಟ್ಯಾಗ ಹಿಡಕೊಂಡ ಬೈತಿದ್ಲು, ಹಿಂಗಾಗಿ ಬೈಗಳ ಅರ್ಧಾ ತಿಳೀತಿದ್ದಿಲ್ಲ, ನಾವು ನಗ್ತಿದ್ವಿ, ಮತ್ತ ಬೈತಿದ್ಲು.

ಈಗ ವಿಷಯ ಏನಂದ್ರ, ನನ್ನ ಮಗಳು ಬಸರ ಇದ್ದಾಗ ಅಕ್ಕ ಕೂಸಿನ ತಲಿಗೆ ಹಾಕಾಕ ಅಂತ ಒಂದು ಕುಂಚಿಗಿ ಚಾಲೂ ಮಾಡಿದ್ಲು. ನಮ್ಮವ್ವನ ಹಳೇ ಚಂದ್ರಕಾಳಿ ಸೀರಿ ಹರದಿತ್ತು, ಅದರಾಗ ಗಟ್ಟಿ ಇದ್ದ ಭಾಗ ಕತ್ತರಿಸಿ ಅದರ ಮ್ಯಾಲೆ ಕಸೂತಿ. ಹಿಂದಿನ ಕಡೆ ತೇರು ಮುಗದೈತಿ, ಅಂಚಿನಗುಂಟ ಆನಿ ಸಾಲು ಅರ್ಧಕ್ಕ ನಿಂತೈತಿ, ಸೂಜಿ ಇನ್ನೂ ಅದರಾಗ ಚುಚ್ಚಿದ್ದು ಹಂಗ ಐತಿ. ಕೂಸು ದೀಪಾವಳಿಗೆ ಹುಟ್ಟಿತು, ಅಕ್ಕ ನೋಡಲಿಲ್ಲ. ನನ್ನ ಮಗ ಫ್ರೇಮ್ ಹಾಕ್ಸೋಣು ಅಂತಾನ, ಮನಿಯವ್ರು ಧಾರವಾಡದಾಗ ರೊಕ್ಕಾ ತೊಗೊಂಡು ಕಸೂತಿ ಹಾಕಿಕೊಡೋವ್ರು ಭಾಳ ಮಂದಿ ಅದಾರ, ಕೊಡೂಣು ಅಂತಾರ. ನನಗ ಆ ಸೂಜಿ ತಗಿಯಾಕನ ಕೈ ಬರವಲ್ದು.

ಇನ್ನೊಂದ ಮಾತು, ಯಾರ ಮುಂದೂ ಹೇಳಿಲ್ಲ. ಪ್ರತಿ ಪಂಚಮಿಗೆ ನಾನ ಹೋಗಿ ಅಕ್ಕನ್ನ ಕರಕೊಂಡ ಬರ್ತಿದ್ದೆ, ಹ್ವಾದ ವರ್ಷ ಒಂದ ಹೋಗಲಿಲ್ಲ. ಇಪ್ಪತ್ತ ಕಿಲೋಮೀಟರ್ ದಾರಿ! ಫೋನ್ ಹಚ್ಚಿ, ಚಿಗರಿ ಹತ್ತಿ ಬಂದಬಿಡ ಅಕ್ಕಾ, ಎಸಿ ಬಸ್ ಐತಿ ಅಂದೆ. ಆಗಲೇಳಪಾ ಅಂದ್ಲು, ಅಷ್ಟ. ಸಂಜಿಕ್ಕ ಅಳ್ಳಿಟ್ಟು ಉಂಡಿ, ಶೇಂಗಾ ಉಂಡಿ ಡಬ್ಬಿ ಹಿಡಕೊಂಡು ಒಬ್ಬಾಕಿನ ಬಂದ್ಲು.

ಬೆಟಗೇರಿ ಸೊಸಿ:
ಕಾಕಾರ ಓದಿ ಕಣ್ಣಾಗ ನೀರ ಬಂತ್ರಿ. ನಾನೂ ಸ್ವಲ್ಪ ಕಸೂತಿ ಹಾಕ್ತೀನಿ, ಒಂದ ಕೇಳ್ತೀನಿ, ಆ ಅರ್ಧಾ ಆದ ಆನಿ ಸಾಲಿನ್ಯಾಗ ಹೊಲಿಗಿ ಒಂದ ಬಿಟ್ಟ ಒಂದ ಐತೇನ್ರಿ? ನಡುವ ಖಾಲಿ ಖಾಲಿ? ಹಂಗಿದ್ರ ಅದು ಗವಂತಿ. ಗವಂತಿಯೊಳಗ ಹೋಗುವಾಗ ಒಂದು ಹಾಕಿ ಒಂದು ಬಿಟಗೊಂತ ಹೋಗತೇವಿ, ತಿರಗಿ ಬರುವಾಗ ಬಿಟ್ಟದ್ದು ತುಂಬಗೊಂತ ಬರತೇವಿ, ಅದಕ್ಕ ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣತೈತಿ. ಗಂಟ ಹಾಕಂಗಿಲ್ಲ, ಬಟ್ಟಿ ಮ್ಯಾಲೆ ಪೆನ್ಸಿಲ್ಲಿಂದ ಬರಕೊಳ್ಳಂಗಿಲ್ಲ, ಎಳಿ ಎಣಿಸಿನ ಹಾಕಬೇಕು. ಚಂದ್ರಕಾಳಿ ಅಂದ್ರ ಕರೀ ಸೀರಿ, ಕರೀ ಎಳಿ ಎಣಸೂದು ಅಂದ್ರ ಹಗಲ ಬೆಳಕಿನ್ಯಾಗೂ ಕಣ್ಣ ಹೋಗತಾವ್ರಿ, ಆ ವಯಸ್ಸಿನ್ಯಾಗ ಹೆಂಗ ಹಾಕಿದ್ರೋ ಏನೋ.

ಆದ್ರ ಛಲೋ ಸುದ್ದಿ ಏನಂದ್ರ ಎಣಸೂ ಕೆಲಸ ನಿಮ್ಮ ಅಕ್ಕಾರು ಮುಗಿಸ್ಯಾರ. ಉಳದದ್ದು ತುಂಬೂದು ಅಷ್ಟ. ಅದಕ್ಕ ದೊಡ್ಡ ಕಲಾವಿದರು ಬ್ಯಾಡ, ನಿಮ್ಮ ಮಗಳಿಗೆ ಸೂಜಿ ಹಿಡಿಯಾಕ ಬಂದ್ರ ಸಾಕು. ಹೊರಗ ಕೊಡಬ್ಯಾಡ್ರಿ, ಅವ್ರು ಪಾಪ ಅರ್ಧಾ ಕೆಲಸ ನೋಡಿ ಬಿಚ್ಚಿ ಹೊಸದಾಗಿ ಹಾಕಿಬಿಡ್ತಾರ.

ಹಾವೇರಿ ಹುಡುಗ:
ನಂದು ಬ್ಯಾರೆ ಅಭಿಪ್ರಾಯ ಅಣ್ಣಾರ, ತಪ್ಪ ತಿಳಕೋಬ್ಯಾಡ್ರಿ. ಹಂಗ ಇಡ್ರಿ. ಅರ್ಧಾ ಇದ್ರನ ನೆನಪು. ನಮ್ಮ ಚಿಗವ್ವ ತೀರಕೊಂಡಾಗ ಆಕಿ ಕೌದಿ ನಾವು ಮುಗಿಸಿದ್ವಿ, ಈಗ ಯಾವ್ದು ಆಕಿ ಹೊಲಿಗಿ ಯಾವ್ದು ನಮ್ಮದು ಗೊತ್ತ ಆಗಂಗಿಲ್ಲ.

ಬೆಟಗೇರಿ ಸೊಸಿ:
ಗೊತ್ತಾಗದಿದ್ರ ಛಲೋನ ಅಲ್ಲೇನೋ ತಮ್ಮಾ. ಮತ್ತ ಕಾಕಾರ, ಟ್ರಂಕಿನ್ಯಾಗ ಇಟ್ರ ಜಿರಳಿ ತಿಂತಾವ, ಫ್ರೇಮ್ ಹಾಕಿ ಬಿಸಲ ಬೀಳೂ ಗ್ವಾಡಿಗೆ ಹಾಕಿದ್ರ ರೇಷ್ಮಿ ಬಣ್ಣ ಹೋಗತೈತಿ. ಕೂಸಿಗೆ ಎಂಟ ತಿಂಗಳ ಆಗಿರಬೇಕಲ್ರಿ? ತಲಿ ದೊಡ್ಡದಾದ ಮ್ಯಾಲೆ ಕುಂಚಿಗಿ ಹಿಡಿಯಂಗಿಲ್ಲ. ಲಗೂ ಮಾಡ್ರಿ.

ಗೋಕುಲ ರೋಡ್:
ಕಾಕಾ, ನಾನು ದೊಡ್ಡಕಾಕಾನ ಮಗಳು, ಹೆಸರ ಬರಿಯಂಗಿಲ್ಲ, ಗೊತ್ತಾಗೇತಿ ನಿಮಗ. ಅತ್ತಿ ಸುದ್ದಿ ಓದಿ ಸುಮ್ನ ಕುಂದ್ರಾಕ ಆಗಲಿಲ್ಲ. ಪಂಚಮಿ ದಿನ ಅತ್ತೀನ ಹೊಸೂರ ಸ್ಟ್ಯಾಂಡಿಗೆ ಬಿಟ್ಟಾಕಿ ನಾನ. ಸಿಟ್ಟ ಇತ್ತು ಅತ್ತಿಗೆ, ಸುಳ್ಳ ಯಾಕ ಹೇಳ್ಲಿ. ತಮ್ಮ ಸಾಹೇಬ ಆಗ್ಯಾನ, ಕರಿಯಾಕ ಬರಂಗಿಲ್ಲ ಅಂದ್ಲು. ಆಮ್ಯಾಲೆ ಮರದಿನ ಫೋನ್ ಮಾಡಿದ್ಲು ನೋಡ್ರಿ, ಬಸ್ಸಿನ ಸುದ್ದಿನ ಹತ್ತ ನಿಮಿಷ! ಖಿಡಕಿ ಸೀಟ ಸಿಕ್ಕಿತ್ತು, ಉಣಕಲ್ ಕೆರಿ ತುಂಬಿತ್ತು, ಪ್ರೈವೇಟ್ ಬೇಂದ್ರೆ ಬಸ್ಸಿನ್ಯಾಗ ನಿಂತ ಹೋಗಿ ಹೋಗಿ ಸಾಕಾಗಿತ್ತು ಇದು ವಿಮಾನ ಇದ್ದಂಗ ಐತಿ ಅಂತ. ಮುಂದಿನ ವರ್ಷನೂ ಬಸ್ಸಿಗೇ ಹೋಗ್ತೀನಿ, ಅವನ ಸ್ಕೂಟರ್ ಹಿಂದ ಕುಂತ್ರ ಸೊಂಟ ಹಿಡೀತೈತಿ ಅಂದ್ಲು.

ಕೆಲಗೇರಿ ಕಾಕಾ:
ಸ್ಕೂಟರ್ ಮಾತು ನನಗ ಒಮ್ಮೆನೂ ಹೇಳಿದ್ದಿಲ್ಲ ನೋಡವ್ವಾ ಆಕಿ. ಇಪ್ಪತ್ತ ವರ್ಷ ಕೂಡ್ರಿಸಿಕೊಂಡ ಬಂದೇನಿ.

ಬೆಟಗೇರಿಯವ್ರ, ನೀವು ಹೇಳಿದ್ದ ಖರೇ ಐತ್ರಿ. ಬೆಳಕಿಗೆ ಹಿಡದ ನೋಡಿದೆ, ಕಡೀ ಮೂರ ಆನ್ಯಾಗ ಒಂದ ಬಿಟ್ಟ ಒಂದ ಐತಿ, ದಾರ ಹೋಗೇತಿ ತಿರಗಿ ಬಂದಿಲ್ಲ. ನಿನ್ನೆ ರಾತ್ರಿ ಮಗಳು ಕೂಸು ಮಲಗಿಸಿ ಕುಂತ್ಲು, ಅದ ಸೂಜಿ, ಅದ ದಾರ. ಒಂದ ಆನಿ ತುಂಬ್ಯಾಳ. ಎರಡನೇದರ ಹಿಂದಿನ ಕಾಲು ಒಂದ ಎಳಿ ದಪ್ಪ ಬಂದೈತಿ ಅಪ್ಪಾ, ಅತ್ತಿ ಎಣಿಸೂದ ತಪ್ಯಾಳ, ಬಿಚ್ಚಲ್ಯಾ ಅಂತ ಕೇಳಿದ್ಲು. ಮುಟ್ಟಬ್ಯಾಡ, ಹಂಗ ತುಂಬು ಅಂದೆ.