ಗಂಗ್ನಂ ಸ್ಟೈಲ್ ವಿಡಿಯೋಕ್ಕೆ ಥಿಯರಿ ಹಾಕುದು ಹೇಗೆ? ಅಸೈನ್‌ಮೆಂಟಿಗೆ ಹೆಲ್ಪ್ ಬೇಕಿತ್ತು

ಕುಂಬ್ಳೆ ಹುಡ್ಗಿ:
ಎಲ್ರಿಗೂ ನಮಸ್ಕಾರ. ಕಾಸರಗೋಡಲ್ಲಿ ಡಿಗ್ರಿ ಮಾಡ್ತಾ ಇದ್ದೇನೆ, ಜರ್ನಲಿಸಂ. ಒಂದು ಪಾಪ್ ಮ್ಯೂಸಿಕ್ ವಿಡಿಯೋ ತಕ್ಕೊಂಡು ಮೀಡಿಯಾ ಥಿಯರಿ ಹಾಕಿ ಬರೀಲಿಕ್ಕೆ ಉಂಟು, ನಾನು ಕೊರಿಯಾದ ಸೈ (Psy) ಹಾಡಿದ ಗಂಗ್ನಂ ಸ್ಟೈಲ್ ತಕ್ಕೊಂಡೆ, ಈಗ ಎಂತ ಆಗಿದೆ ಅಂದ್ರೆ ಬಾರ್ತ್, ಮಲ್ವಿ, ಸ್ಟುವರ್ಟ್ ಹಾಲ್, ಗುಡ್‌ವಿನ್ ಹೇಳಿ ಥಿಯರಿ ಬರೆದ ನಾಲ್ಕು ಜನರ ಡೆಫಿನಿಷನ್ನಿಗೇ ನಾಲ್ಕು ಪೇಜ್ ಹೋಯ್ತು, ವಿಡಿಯೋ ಬಗ್ಗೆ ಬರೀ ಐದು ಸಾಲು. ಮೇಡಂ ನೋಡಿ "ಇದ್ರಲ್ಲಿ ಪಾಟ್ಟ್ ಎವಿಡೆ" (ಪದ್ಯ ಎಲ್ಲಿ) ಕೇಳಿದ್ರು 😭 ಕೊರಿಯನ್ ಒಂದಕ್ಷರ ಬರುದಿಲ್ಲ ನಂಗೆ, ಭಾಷೆ ಗೊತ್ತಿಲ್ಲದೆ ಇದನ್ನು ಮಾಡ್ಲಿಕ್ಕಾದ್ರೂ ಆಗ್ತದಾ?

ಬದಿಯಡ್ಕದವ:
ನಾಲ್ಕು ಜನ ಯಾಕೆ ಮಾರಾಯ್ತಿ, ಗುಡ್‌ವಿನ್ ಒಬ್ಬ ಸಾಕು. ಸುರುವಿನ ಶಾಟ್ ನೋಡು. ಸೈ ಕೂಲಿಂಗ್ ಗ್ಲಾಸ್ ಹಾಕಿ ಬೀಚಲ್ಲಿ ಬಿದ್ಕೊಂಡ ಹಾಗೆ ಕಾಣ್ತದಲ್ಲ, ಕ್ಯಾಮರಾ ಹಿಂದೆ ಸರಿದಾಗ ಅದು ಮಕ್ಕಳು ಆಡುವ ಜಾಗದ ಹೊಯ್ಗೆ. ಗಂಗ್ನಂ ಅಂದ್ರೆ ಸಿಯೋಲಿನ ದುಡ್ಡಿದ್ದವರ ಏರಿಯಾ, ಪದ್ಯದಲ್ಲಿ ಅವ "ನಾನು ಆ ಸ್ಟೈಲಿನವ" ಹೇಳಿ ಕೊಚ್ಚಿಕೊಳ್ಳುದು, ಆದ್ರೆ ಚಿತ್ರದಲ್ಲಿ ಸ್ನಾನದ ಮನೆ, ಟೂರಿಸ್ಟ್ ಬಸ್ಸು, ರೆಡ್ ಕಾರ್ಪೆಟ್ ನಡಿಗೆ ನಡೀವಾಗ ಮುಖಕ್ಕೇ ಹಾರಿ ಬರುವ ಕಸ. ಗುಡ್‌ವಿನ್ ಮ್ಯೂಸಿಕ್ ವಿಡಿಯೋ ಬಗ್ಗೆ 1992ರ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಚಿತ್ರ ಪದ್ಯವನ್ನು ಹಾಗೇ ತೋರಿಸಬಹುದು, ಹಿಗ್ಗಿಸಬಹುದು, ಇಲ್ಲ ಎರಡಕ್ಕೂ ತಾಳಮೇಳ ಇಲ್ಲದ ಹಾಗೆ ಇಡಬಹುದು. ಇಲ್ಲಿ ಮೂರನೇದು, ಅದನ್ನು ಬೇಕಂತಲೇ ಮಾಡಿದ್ದು. ಯಕ್ಷಗಾನದ ಆಟದಲ್ಲಿ ರಾಜ ಬಂದು ಹೋದ ಮೇಲೆ ಹಾಸ್ಯಗಾರ ಅದೇ ಠೀವಿ ಮಾಡಿ ನಗಿಸ್ತಾನಲ್ಲ, ಹಾಗೆ. ಪದ್ಯದ ಅರ್ಥ ಹುಡುಕಿದ್ರೆ ನೆಟ್ಟಲ್ಲಿ ಸಿಗ್ತದೆ, ಓದದೆ ಮಾತ್ರ ಬರೀಬೇಡ.

ಮಂಜೇಶ್ವರ ಅಕ್ಕ:
ತಮಾಷೆ ಹೇಳಿ ಎಲ್ಲದಕ್ಕೂ ಮಾಫಿ ಕೊಡ್ಲಿಕ್ಕಾಗುದಿಲ್ಲ ತಮ್ಮ. ಯೋಗ ಮಾಡುವ ಹೆಂಗಸಿನ ಹಿಂಭಾಗ ನೋಡಿ ಬೊಬ್ಬೆ ಹಾಕುವ ಶಾಟ್ ಉಂಟಲ್ಲ ಅದ್ರಲ್ಲಿ. ಮಲ್ವಿ 1975ರಲ್ಲಿ ಬರೆದದ್ದು ಹಾಲಿವುಡ್ ಸಿನಿಮಾದ ಬಗ್ಗೆ, ಗಂಡು ನೋಡುವವ ಹೆಣ್ಣು ನೋಡಿಸಿಕೊಳ್ಳುವವಳು ಅನ್ನುವ ಏರ್ಪಾಡು. ಇಲ್ಲಿ ಹಾಗೆ ನೋಡುವವನನ್ನು ಗೇಲಿ ಮಾಡಿದ್ದಾರೆ ಸರಿ, ಆದ್ರೆ ಗೇಲಿ ಮಾಡ್ಲಿಕ್ಕೂ ಕ್ಯಾಮರಾ ಅಲ್ಲಿಗೇ ಹೋಗ್ತದೆ, ಆ ಹೆಂಗಸಿನ ಮುಖ ಎಷ್ಟು ಹೊತ್ತು ಕಾಣ್ತದೆ ಹೇಳಿ ಪಾಸ್ ಮಾಡಿ ಮಾಡಿ ಲೆಕ್ಕ ಹಾಕು ತಂಗಿ. ಒಂದು ಪೇಜ್ ಅಲ್ಲೇ ಆಗ್ತದೆ.

ಬದಿಯಡ್ಕದವ:
ಅಕ್ಕ ಹೇಳಿದ್ದು ಸರಿ, ಆ ಶಾಟ್ ನಾನು ಹಾರಿಸಿ ಹೋದೆ.

ಹೊಸಂಗಡಿ ಬಸ್:
ಭಾಷೆ ಬರುದಿಲ್ಲ ಅನ್ನುದು ಪ್ರಾಬ್ಲಂ ಅಲ್ಲ, ಅದೇ ನಿನ್ನ ಪಾಯಿಂಟ್. ಸ್ಟುವರ್ಟ್ ಹಾಲ್ 1973ರಲ್ಲಿ ಟಿವಿ ಬಗ್ಗೆ ಹೇಳಿದ್ದು, ಮಾಡುವವ ಒಂದು ಅರ್ಥ ಇಟ್ಟು ಕಳಿಸ್ತಾನೆ, ನೋಡುವವ ಅದನ್ನೇ ಒಪ್ಪಬಹುದು, ಸ್ವಲ್ಪ ಒಪ್ಪಿ ಸ್ವಲ್ಪ ಬಿಡಬಹುದು, ಪೂರ್ತಿ ಎದುರು ಹೋಗಬಹುದು ಹೇಳಿ. ಈ ವಿಡಿಯೋ ಬಂದದ್ದು 2012 ಜುಲೈ, ಡಿಸೆಂಬರ್‌ಗೆ ಯೂಟ್ಯೂಬಲ್ಲಿ 100 ಕೋಟಿ ವ್ಯೂಸ್ ದಾಟಿದ ಮೊದಲನೇ ವಿಡಿಯೋ ಆಯ್ತು. ನಾವೆಲ್ಲ ಸ್ಕೂಲ್ ಡೇಗೆ ಅದ್ರಲ್ಲಿ ಕುದುರೆ ಸವಾರಿ ಮಾಡಿದ ಹಾಗೆ ಕುಣೀವ ಆ ಕುದುರೆ ಡ್ಯಾನ್ಸ್ ಮಾಡಿದ್ವಿ, ಗಂಗ್ನಂ ಅನ್ನುದು ಊರಿನ ಹೆಸರು ಹೇಳಿ ಒಬ್ಬನಿಗೂ ಗೊತ್ತಿರ್ಲಿಲ್ಲ, ನಾನಂತೂ ಕುದುರೆಯ ಹೆಸರು ಅಂದ್ಕೊಂಡಿದ್ದೆ 😂 ಶ್ರೀಮಂತರ ಗೇಲಿ ನಮ್ಮಲ್ಲಿಗೆ ಮುಟ್ಟುವಾಗ ಬರೀ ಕುಣಿತ ಆಗಿತ್ತು. ಇದು ಹಾಲ್ ಹೇಳಿದ ಮೂರರಲ್ಲಿ ಯಾವುದು? ನಂಗೆ ಕಾಣುದು ಯಾವುದೂ ಅಲ್ಲ, ಇಟ್ಟ ಅರ್ಥವೇ ತಲುಪದೆ ಒಪ್ಪುದು ಬಿಡುದು ಎಲ್ಲಿಂದ. ಅದನ್ನು ಬರಿ, ಮೇಡಂ ಖುಷಿ ಆಗ್ತಾರೆ.

ಕುಂಬ್ಳೆ ಹುಡ್ಗಿ:
ಅಯ್ಯೋ ನಾನೂ ಕುಣಿದಿದ್ದೆ ಅಣ್ಣ, ಅಂಗನವಾಡಿಯಲ್ಲಿ! ಬಾರ್ತ್ ಕ್ಯಾನ್ಸಲ್. ಹಾಲ್ ಇಟ್ಕೊಂಡು ಯೋಗದ ಶಾಟಿಗೆ ಮಾತ್ರ ಮಲ್ವಿ ತರ್ತೇನೆ. ನಾನು ಕುಣಿದ ವಿಡಿಯೋ ಅಮ್ಮನ ಹಳೇ ಫೋನಲ್ಲಿ ಇರ್ಬೇಕು, ಆ ಫೋನಿನ ಚಾರ್ಜರ್ ಪಿನ್ ಈಗ ಯಾರ ಹತ್ರ ಉಂಟೋ.