ಅಮ್ಮನ ಫೈಲಿನಲ್ಲಿ ಮನೆಯವರಿಗೇ ಗೊತ್ತಿಲ್ಲದ ಆಸ್ತಮಾ: ಮಂಗಳೂರಿಗೆ ಹೋಗುವ ಮೊದಲು ಏನು ಮಾಡಬೇಕು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ)

ಅಮ್ಮನಿಗೆ 71 ವರ್ಷ. ಶುಗರ್, ಬಿ.ಪಿ. ಉಂಟು. ಎರಡು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿಸಿದ್ದೇವೆ. ಇಷ್ಟು ದಿನ ಕಣ್ಣೂರು ಕಡೆ ತೋರಿಸುತ್ತಿದ್ದೆವು, ಇನ್ನು ಮಂಗಳೂರು. ಆಗಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ (ಆಸ್ಪತ್ರೆಯಿಂದ ಬಿಡುವಾಗ ಕೊಡುವ ಸಾರಾಂಶ) ‘ಆಸ್ತಮಾ ಇರುವ ರೋಗಿ’ ಎಂದು ಬರೆದಿದ್ದಾರೆ. ಅಮ್ಮನಿಗೆ ಆಸ್ತಮಾ ಇದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ ತೋರಿಸಿದ ಎರಡು ಕಡೆಯೂ ಅದನ್ನೇ ನೋಡಿ ಬರೆದುಕೊಂಡರು. ಹೊಸ ಡಾಕ್ಟರೂ ಕಾಗದವನ್ನೇ ನಂಬಿದರೆ? ಏನೇನು ಕೊಂಡುಹೋಗಬೇಕು, ತಿದ್ದಿಸುವುದು ಹೇಗೆ?

ಫಿಸಿಶಿಯನ್, ಮಂಗಳೂರು

ನಂಬುತ್ತಾರೆ ಅಕ್ಕ, ನಂಬದೆ ಬೇರೆ ದಾರಿ ಇಲ್ಲ. ಎರಡು ವರ್ಷದ ಹಿಂದೆ ಏನಾಯಿತು ಎಂಬುದಕ್ಕೆ ಅವರ ಮುಂದಿರುವ ಸಾಕ್ಷಿ ಆ ಕಾಗದ ಒಂದೇ. ಆದರೆ ಅದನ್ನು ಬರೆದವರು ಯಾರೆಂದು ತಿಳಿದಿರಬೇಕು. ರೋಗಿ ದಾಖಲಾಗುವಾಗ ಡ್ಯೂಟಿಯಲ್ಲಿದ್ದ ಡಾಕ್ಟರು ಬೈಸ್ಟ್ಯಾಂಡರ್ (ರೋಗಿಯ ಜೊತೆ ಬಂದವರು) ಹೇಳಿದ್ದನ್ನು ಕೇಳಿ ಬರೆಯುತ್ತಾರೆ. ಬಿಡುಗಡೆಯ ದಿನ ಬೇರೊಬ್ಬ ಕಿರಿಯ ಡಾಕ್ಟರು ಅದನ್ನು ನೋಡಿ ಸಮ್ಮರಿ ಟೈಪ್ ಮಾಡುತ್ತಾರೆ. ಮೊದಲನೆಯವರು ‘ಆಸ್ತಮಾ?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದಿರುತ್ತಾರೆ, ಎರಡನೆಯ ಕೈಗೆ ಬರುವಾಗ ಆ ಚಿಹ್ನೆ ಬಿದ್ದುಹೋಗುತ್ತದೆ. ಮೂರನೆಯ ಕಡೆ ‘ಕೆ/ಸಿ/ಒ ಆಸ್ತಮಾ’, ಅಂದರೆ ಮೊದಲೇ ಗೊತ್ತಿದ್ದ ಕಾಯಿಲೆ. ಮೂರು ಕಾಗದದಲ್ಲಿ ಇರುವುದರಿಂದ ಅದು ಮೂರು ಸಲ ಪರೀಕ್ಷಿಸಿ ಕಂಡದ್ದು ಎಂದು ನಾಲ್ಕನೆಯವರಿಗೆ ಅನಿಸುತ್ತದೆ. ನಿಜದಲ್ಲಿ ಪರೀಕ್ಷೆ ಒಂದೂ ಆಗಿರಲಿಕ್ಕಿಲ್ಲ.

ನಿಮ್ಮ ಅಮ್ಮನ ವಿಷಯದಲ್ಲಿ ಇದನ್ನು ಹಾಗೆಯೇ ಬಿಡಬೇಡಿ. ಹೃದಯದ ಪಂಪ್ ಶಕ್ತಿ ಕುಂದಿ ಶ್ವಾಸಕೋಶದಲ್ಲಿ ನೀರು ತುಂಬಿದಾಗಲೂ ಎದೆಯಲ್ಲಿ ಸುಂಯ್ ಎನ್ನುವ ಶಬ್ದ ಬರುತ್ತದೆ, ಅದನ್ನು ಆಸ್ತಮಾ ಎಂದು ಬರೆಯುವುದುಂಟು. ಒಮ್ಮೆ ಆಸ್ತಮಾ ಎಂದಾದ ಮೇಲೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಕೊಡಲು, ಉಸಿರುನಾಳ ಬಿಗಿದೀತೆಂದು, ಡಾಕ್ಟರು ಹಿಂಜರಿಯುತ್ತಾರೆ. ಹೃದಯದ ಎಷ್ಟೋ ರೋಗಿಗಳಿಗೆ ಬೇಕಾಗುವ ಮದ್ದು ಅದು.

ಹಾಗಾಗಿ ‘ಸಮ್ಮರಿ ತಪ್ಪು’ ಎಂದು ಶುರುಮಾಡಬೇಡಿ. ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಹೇಳಿ: ಇನ್‌ಹೇಲರ್ ಯಾವತ್ತಾದರೂ ತೆಗೆದುಕೊಂಡಿದ್ದರೋ, ಸ್ಪೈರೋಮೆಟ್ರಿ (ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ಆಗಿದೆಯೋ, ನೆಬ್ಯುಲೈಸರ್ ಇಟ್ಟದ್ದು ಯಾವಾಗ, ಉಬ್ಬಸ ಬಂದದ್ದು ನಡೆಯುವಾಗಲೋ ಮಲಗಿದಾಗಲೋ. ಆಮೇಲೆ ‘ಇದು ಯಾವ ಆಧಾರದಲ್ಲಿ ಬರೆದದ್ದು, ಒಮ್ಮೆ ಪರೀಕ್ಷಿಸಬಹುದೇ’ ಎಂದು ಕೇಳಿ. ಸ್ಪೈರೋಮೆಟ್ರಿಯಲ್ಲಿ ಊದಿಸಿ, ಮದ್ದು ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ. 12ಕ್ಕಿಂತ ಹೆಚ್ಚು, ಜೊತೆಗೆ 200 ಮಿ.ಲೀ.ಗಿಂತಲೂ ಹೆಚ್ಚು ಏರಿದರೆ ಆಸ್ತಮಾದ ಕಡೆಗೆ ತೂಕ ಬರುತ್ತದೆ. ಒಮ್ಮೆ ಏರಲಿಲ್ಲವೆಂದು ಆಸ್ತಮಾ ಇಲ್ಲವೇ ಇಲ್ಲ ಎನ್ನಲಾಗದು. ಆದರೂ ಆ ವರದಿ ಬಾಯಿಮಾತಿಗಿಂತ ಗಟ್ಟಿ.

ಅಲರ್ಜಿಯದೂ ಇದೇ ಕಥೆ. ‘ಪೆನಿಸಿಲಿನ್ ಅಲರ್ಜಿ’ ಎಂದಷ್ಟೇ ಇದ್ದರೆ ಸಾಲದು. ಯಾವ ಮದ್ದು, ಕೊಟ್ಟು ಎಷ್ಟು ಹೊತ್ತಿಗೆ, ಏನಾಯಿತು: ಮೈಯೆಲ್ಲ ದದ್ದು ಎದ್ದಿತೋ, ಉಸಿರು ಕಟ್ಟಿತೋ, ಬರೀ ವಾಂತಿಯೋ. ಬರೀ ವಾಂತಿ ಸಾಮಾನ್ಯವಾಗಿ ಅಲರ್ಜಿ ಅಲ್ಲ.

ಫಾರ್ಮಸಿಸ್ಟ್, ಬದಿಯಡ್ಕ

ಮದ್ದಿನ ಪಟ್ಟಿಯನ್ನು ಸಮ್ಮರಿ ನೋಡಿ ಬರೆಯಬೇಡಿ, ಮನೆಯಲ್ಲಿರುವ ಸ್ಟ್ರಿಪ್‌ಗಳನ್ನು ನೋಡಿ ಬರೆಯಿರಿ. ಸಮ್ಮರಿಯಲ್ಲಿ ಇರುವುದು ಆ ದಿನ ಹೇಳಿದ್ದು, ಡಬ್ಬಿಯಲ್ಲಿ ಇರುವುದು ಇವತ್ತು ತಿನ್ನುತ್ತಿರುವುದು. ಎರಡೂ ಒಂದೇ ಆಗಿರುವುದು ಅಪರೂಪ. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಮೂಲ ಹೆಸರು, ಎಷ್ಟು ಮಿ.ಗ್ರಾಂ., ದಿನಕ್ಕೆ ಎಷ್ಟು ಸಲ, ಎಂದಿನಿಂದ, ಯಾರು ಹೇಳಿದ್ದು ಎಂದು ಬರೆಯಿರಿ. ಬ್ರಾಂಡ್ ಹೆಸರು ಮಾತ್ರ ಇದ್ದರೆ ಒಂದೇ ಮದ್ದು ಎರಡು ಹೆಸರಿನಲ್ಲಿ ಒಳಗೆ ಹೋಗುತ್ತದೆ. ಬಿ.ಪಿ.ಯ ಮದ್ದು ಟೆಲ್ಮಿಸಾರ್ಟಾನ್ ಒಂದು ಮಾತ್ರೆ, ಟೆಲ್ಮಿಸಾರ್ಟಾನ್ ಮತ್ತು ಆಮ್ಲೋಡಿಪಿನ್ ಸೇರಿದ ಇನ್ನೊಂದು ಮಾತ್ರೆ ಒಟ್ಟಿಗೆ ತಿನ್ನುವವರು ಇದ್ದಾರೆ. ಮೆಟ್‌ಫಾರ್ಮಿನ್ ಕೂಡ ಹಾಗೆ, ಶುಗರಿನ ಜೋಡಿ ಮಾತ್ರೆಗಳಲ್ಲಿ ಅಡಗಿರುತ್ತದೆ.

ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ‘20 ಯೂನಿಟ್’ ಎಂದು ಮಾತ್ರ ಬರೆದರೆ ಸಾಕಾಗುವುದಿಲ್ಲ. ನಮ್ಮಲ್ಲಿ ಸಿಗುವ ಬಾಟ್ಲಿಗಳಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವುದೂ ಉಂಟು, 100 ಇರುವುದೂ ಉಂಟು. 40ರ ಸಿರಿಂಜಿನ ಮುಚ್ಚಳ ಕೆಂಪು, 100ರದ್ದು ಕಿತ್ತಳೆ. 100ರ ಬಾಟ್ಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಬಾಟ್ಲಿಯೋ ಪೆನ್ನೋ, ಯಾವ ಶಕ್ತಿಯದ್ದು ಎಂದು ಸೇರಿಸಿ. ಯೂನಿಟ್ ಎಂಬ ಪದವನ್ನು ಪೂರ್ತಿ ಬರೆಯಿರಿ, ಇಂಗ್ಲಿಷಿನ ‘ಯು’ ಒಂದೇ ಬರೆದರೆ ಸೊನ್ನೆಯಂತೆ ಕಂಡು 10 ಹೋಗಿ 100 ಆಗುತ್ತದೆ. ಚೀಟಿಯ ‘ಒಡಿ’ ಅಂದರೆ ದಿನಕ್ಕೊಮ್ಮೆ, ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದೇ ಅಕ್ಷರ ಬಲಗಣ್ಣು.

ಸ್ಟೆಂಟ್ ಹಾಕಿದ ದಿನಾಂಕ ಬಹಳ ಮುಖ್ಯ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ಇನ್ನೂ ಬೇಕೋ, ಒಂದು ನಿಲ್ಲಿಸಬೇಕೋ ಎಂದು ಹೃದಯದ ಡಾಕ್ಟರು ನಿರ್ಧರಿಸಲು ಅದು ಬೇಕು. ಆಸ್ಪತ್ರೆಯವರು ಕೊಟ್ಟ ಸ್ಟೆಂಟ್ ಕಾರ್ಡ್ ಹುಡುಕಿ ಇಡಿ. ಅಷ್ಟರವರೆಗೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಪೆರ್ಲದಿಂದ

ತುಂಬ ಉಪಕಾರ. ಹಳೆಯ ಆಸ್ಪತ್ರೆಯಲ್ಲಿ ಕೇಳಿದೆವು, ‘ಕೊಟ್ಟ ಸಮ್ಮರಿ ತಿದ್ದಲು ಆಗುವುದಿಲ್ಲ’ ಎಂದರು. ಮತ್ತೇನು ದಾರಿ?

ಮೆಡಿಕಲ್ ರೆಕಾರ್ಡ್ ಕೆಲಸ, ಹೊಸದುರ್ಗ (ಕಾಸರಗೋಡು)

ಬರೆದದ್ದನ್ನು ಅಳಿಸಿ ತಿದ್ದಬಾರದು, ಅಷ್ಟರ ಮಟ್ಟಿಗೆ ಅವರು ಹೇಳಿದ್ದು ಸರಿ. ಕೇಳಬೇಕಾದದ್ದು ತಿದ್ದುಪಡಿ ಟಿಪ್ಪಣಿ: ಇಂಥ ದಿನ, ಇಂಥ ಕಾರಣಕ್ಕೆ, ಈ ಸಾಲು ಹೀಗೆ ಓದಿಕೊಳ್ಳತಕ್ಕದ್ದು ಎಂದು ಡಾಕ್ಟರ ಸಹಿ, ದಿನಾಂಕದೊಂದಿಗೆ ಸೇರಿಸಿದ ಕಾಗದ. ಅದಕ್ಕೂ ಮೊದಲು ಪೂರ್ತಿ ಕೇಸ್ ಶೀಟಿನ ನಕಲು ತೆಗೆಸಿ. ಸಮ್ಮರಿ ಬೇರೆ, ಕೇಸ್ ಶೀಟ್ ಬೇರೆ. ದಾಖಲಾದ ದಿನದ ಟಿಪ್ಪಣಿ, ನರ್ಸ್ ಚಾರ್ಟ್, ಕೊಟ್ಟ ಮದ್ದಿನ ಚಾರ್ಟ್ ಎಲ್ಲ ಇರುವುದು ಕೇಸ್ ಶೀಟಿನಲ್ಲಿ. ಆ ಆಸ್ತಮಾ ಎಲ್ಲಿಂದ ಬಂತೆಂದು ಅದರಲ್ಲೇ ಸಿಗಬೇಕು.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆ ನಿಯಮದಂತೆ ರೋಗಿ ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಡಬೇಕು. ನಿಮ್ಮದು ಎರಡು ವರ್ಷ ದಾಟಿದೆ, ತಡ ಮಾಡಬೇಡಿ. ಬಾಯಿಯಲ್ಲಿ ಕೇಳದೆ ಅರ್ಜಿ ಬರೆದು ಕೊಡಿ: ಐ.ಪಿ. (ಒಳರೋಗಿ) ನಂಬರು, ಸೇರಿದ ಮತ್ತು ಬಿಟ್ಟ ದಿನ, ಅಮ್ಮನ ಗುರುತುಚೀಟಿಯ ನಕಲು, ನೀವು ಹೋಗುವುದಾದರೆ ಅಮ್ಮನ ಸಹಿಯ ಒಪ್ಪಿಗೆ ಪತ್ರ. ಅರ್ಜಿಯ ಇನ್ನೊಂದು ಪ್ರತಿಯಲ್ಲಿ ಸ್ವೀಕರಿಸಿದ ಸೀಲು, ತಾರೀಕು ಹಾಕಿಸಿಕೊಳ್ಳಿ.

ಹೆಸರನ್ನೂ ನೋಡಿಕೊಳ್ಳಿ ಮಾರಾಯ್ರೆ. ನಮ್ಮ ಕನ್ನಡ ಹೆಸರುಗಳು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಸ್ಪೆಲ್ಲಿಂಗ್ ಮೂರು ಬಗೆ ಆಗುತ್ತದೆ. ಒಂದು ಕಡೆ ಮನೆಹೆಸರು ಮುಂದೆ, ಇನ್ನೊಂದು ಕಡೆ ಇನಿಷಿಯಲ್ ಹಿಂದೆ. ಅದೇ ಹೆಸರಿನ ಬೇರೊಬ್ಬರ ವರದಿ ಫೈಲಿಗೆ ಸೇರುವುದು ಹೀಗೆಯೇ. ಪ್ರತಿ ಹಾಳೆಯಲ್ಲೂ ಹೆಸರು, ವಯಸ್ಸು, ಆಸ್ಪತ್ರೆ ನಂಬರು ಮೂರೂ ತಾಳೆ ನೋಡಿ. 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಖಾತೆ) ನಂಬರು ಮಾಡಿಸಿದ್ದರೆ ಒಳ್ಳೆಯದೇ, ಆದರೆ ಹಳೆಯ ಕಾಗದ ತಾನಾಗಿ ಅದರೊಳಗೆ ಹೋಗಿ ಕೂರುವುದಿಲ್ಲ.

ಪಾಲಿಯೇಟಿವ್ ನರ್ಸ್, ಎಣ್ಮಕಜೆ

ಮನೆಗೆ ಬಂದು ಬಿ.ಪಿ., ಶುಗರ್ ನೋಡುವವರು ಪುಸ್ತಕದಲ್ಲಿ ಬರೆದದ್ದನ್ನು ಬಿಟ್ಟುಹೋಗಬೇಡಿ. ಅದು ಮಲಯಾಳದಲ್ಲಿದ್ದರೆ ಮಂಗಳೂರಿನಲ್ಲಿ ಎಲ್ಲರಿಗೂ ಓದಲು ಬಾರದು, ಕೊನೆಯ ಮೂರು ತಿಂಗಳ ಅಂಕಿಗಳನ್ನು ಬೇರೆ ಹಾಳೆಗೆ ಇಳಿಸಿ. ಶುಗರಿನ ಪಕ್ಕ ಬರಿಹೊಟ್ಟೆಯೋ ಊಟದ ನಂತರವೋ ಬರೆಯದಿದ್ದರೆ ಆ ಅಂಕಿಯಿಂದ ಪ್ರಯೋಜನ ಇಲ್ಲ. ಇ.ಸಿ.ಜಿ.ಯ ನುಣುಪು ಕಾಗದದ ಗೆರೆಗಳು ಮಾಸುತ್ತವೆ, ಲ್ಯಾಮಿನೇಶನ್ ಮಾಡಿಸಿದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಈಗಲೇ ಝೆರಾಕ್ಸ್ ಮಾಡಿ, ಮೇಲೆ ತಾರೀಕು ಬರೆದಿಡಿ.

ಫಿಸಿಶಿಯನ್, ಮಂಗಳೂರು

ಒಂದು ಬಿಟ್ಟುಹೋಯಿತು. ಆಂಜಿಯೋಗ್ರಾಂ ವರದಿಯೂ ಇನ್ನೊಬ್ಬರು ನೋಡಿ ಬರೆದದ್ದೇ, ಹಾಗಾಗಿ ವರದಿಯ ಜೊತೆ ಸಿ.ಡಿ.ಯನ್ನೂ ತನ್ನಿ. ಎಕೋ (ಹೃದಯದ ಸ್ಕ್ಯಾನ್) ಹಳೆಯದಿದ್ದರೆ ನಾವೇ ಮತ್ತೆ ಮಾಡಿಸುತ್ತೇವೆ. ಫೈಲಿನ ಎಲ್ಲಕ್ಕಿಂತ ಮೇಲೆ ಒಂದೇ ಹಾಳೆ ಇರಲಿ: ಕಾಯಿಲೆ, ಅದು ಗೊತ್ತಾದ ವರ್ಷ, ಮತ್ತು ಮೂರನೆಯ ಕಾಲಂನಲ್ಲಿ ‘ಹೇಗೆ ಗೊತ್ತಾಯಿತು’. ಸ್ಟೆಂಟಿನ ಎದುರು ‘ಆಂಜಿಯೋಗ್ರಾಂ’ ಎಂದು ಬರೆಯುತ್ತೀರಿ. ಆಸ್ತಮಾದ ಎದುರು ಆ ಜಾಗ ಖಾಲಿಯಿದ್ದರೆ ಖಾಲಿಯೇ ಬಿಡಿ, ಡಾಕ್ಟರ ಕಣ್ಣು ಅಲ್ಲಿಗೇ ಹೋಗುತ್ತದೆ.