ಹರ್ಟೆಲ್‌ನಲ್ಲಿ 3 ಮಿ.ಮೀ. ಜಾಸ್ತಿ ಬಂದಿದೆ, ಕಣ್ಣು ನಿಜಕ್ಕೂ ಮುಂದೆ ಬಂದಿದೆಯಾ?

ಪ್ರಶ್ನೆ (ಆಪ್ಟೊಮೆಟ್ರಿಸ್ಟ್, ತಾಲೂಕು ಕೇಂದ್ರ):
ಎಲ್ಲರಿಗೂ ನಮಸ್ಕಾರ. ಥೈರಾಯ್ಡ್‌ನಿಂದ ಕಣ್ಣುಗುಡ್ಡೆ ಮುಂದೆ ಬಂದಿರುವ ಒಬ್ಬ ಹೆಣ್ಣುಮಗಳು ನಮ್ಮಲ್ಲಿಗೆ ಬರುತ್ತಿದ್ದಾರೆ. ನಾಲ್ಕು ತಿಂಗಳ ಹಿಂದೆ ಬಲಗಣ್ಣು 18, ಎಡಗಣ್ಣು 19 ಮಿ.ಮೀ. ಇತ್ತು. ನಿನ್ನೆ ಹೊಸದಾಗಿ ತರಿಸಿದ ಹರ್ಟೆಲ್‌ನಲ್ಲಿ (ಕಣ್ಣುಗೂಡಿನ ಹೊರ ಅಂಚಿನ ಮೂಳೆಯಿಂದ ಕಣ್ಣು ಎಷ್ಟು ಮುಂದಿದೆ ಎಂದು ಅಳೆಯುವ ಉಪಕರಣ) ನಾನೇ ನೋಡಿದೆ: 21 ಮತ್ತು 22. ಸಿಟಿ ಸ್ಕ್ಯಾನ್ ವರದಿಯಲ್ಲಿ ಇನ್ನೇನೋ ಸಂಖ್ಯೆ. ನೋವಿಲ್ಲ, ಕೆಂಪಿಲ್ಲ, ಎರಡೆರಡಾಗಿ ಕಾಣುತ್ತಿಲ್ಲ. ಡಾಕ್ಟರು ಸ್ಟೀರಾಯ್ಡ್ ಶುರು ಮಾಡುವ ಯೋಚನೆಯಲ್ಲಿದ್ದಾರೆ. ನನ್ನ ಅಳತೆ ತಪ್ಪಿದ್ದರೆ? ಇದನ್ನೇ ಅಳೆಯುವ ಲೂಡ್ ಸ್ಕೇಲ್ ತರಿಸಿದರೆ ಗೊಂದಲ ತೀರುತ್ತದಾ?

ಉತ್ತರ 1:
ಮೇಡಂ, ಹೊಸ ಸ್ಕೇಲ್ ತರಿಸುವ ಮೊದಲು ಕಾರ್ಡ್ ತೆಗೆದು ನೋಡಿ. ಬೇಸ್ ರೀಡಿಂಗ್ ಎರಡೂ ಸಲ ಒಂದೇ ಇದೆಯಾ? ಉಪಕರಣದ ನಡುವಿನ ಪಟ್ಟಿಯ ಮೇಲೆ, ಮೂಳೆಗೆ ಕೂರುವ ಎರಡು ಪಾದಗಳ ಅಂತರ ತೋರಿಸುವ ಸಂಖ್ಯೆ ಅದು.

ಪ್ರಶ್ನೆ ಕೇಳಿದವರು:
ಆಗ 97, ನಿನ್ನೆ 103 ಬರೆದಿದ್ದೇನೆ ಸರ್.

ಉತ್ತರ 1:
ಅಲ್ಲೇ ಇದೆ ನೋಡಿ. ಕಣ್ಣುಗೂಡಿನ ಹೊರ ಅಂಚಿನ ಮೂಳೆ ಕಿವಿಯ ಕಡೆಗೆ ಹೋದಂತೆ ಹಿಂದಕ್ಕೆ ಇಳಿಯುತ್ತದೆ. ಪಾದಗಳನ್ನು ಅಗಲಿಸಿದರೆ ಅವು ಆ ಇಳಿಜಾರಿನಲ್ಲಿ ಹಿಂದೆ ಜಾರುತ್ತವೆ. ಕಣ್ಣು ಇದ್ದಲ್ಲೇ ಇದ್ದರೂ ಸಂಖ್ಯೆ ಏರುತ್ತದೆ. ಪಾದವನ್ನು ಮೂಳೆಗೆ ಒತ್ತದೆ ಚರ್ಮದ ಮೇಲೆ ತೇಲಿಸಿದರೆ ಇದಕ್ಕೆ ಉಲ್ಟಾ, ಸಂಖ್ಯೆ ಇಳಿಯುತ್ತದೆ. ಥೈರಾಯ್ಡ್‌ನವರಿಗೆ ರೆಪ್ಪೆ ಊದಿಕೊಂಡಿರುತ್ತದಲ್ಲ, ಆ ತಪ್ಪು ಸುಲಭವಾಗಿ ಆಗುತ್ತದೆ. ಮೊದಲು ಬೆರಳಿನಿಂದ ಮೂಳೆಯ ಅಂಚನ್ನು ತಡವಿ ಹುಡುಕಿ, ಆಮೇಲೆ ಪಾದ ಕೂರಿಸಿ.

ಹಳೆಯ ಹರ್ಟೆಲ್ ಇದ್ದರೆ ಅದರಲ್ಲೇ 97ಕ್ಕೆ ಇಟ್ಟು ಮತ್ತೆ ಅಳೆಯಿರಿ. ಮುಖ ಮುಖದ ಮಟ್ಟಕ್ಕೆ ಕೂತುಕೊಳ್ಳಿ. ಅವರ ಬಲಗಣ್ಣಿಗೆ ನಿಮ್ಮ ಎಡಗಣ್ಣು, ಇನ್ನೊಂದು ಮುಚ್ಚಿರಲಿ, ಅವರು ನಿಮ್ಮ ತೆರೆದ ಕಣ್ಣನ್ನೇ ನೋಡಲಿ. ಉಪಕರಣದ ಕನ್ನಡಿಯಲ್ಲಿ ಕೆಂಪು ಗೆರೆಗಳು ಒಂದರ ಮೇಲೊಂದು ಕೂತ ಮೇಲೆಯೇ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತುದಿ ಯಾವ ಸಂಖ್ಯೆಗೆ ತಾಗಿದೆ ಓದಿ. ಗೆರೆ ಕೂರದಿದ್ದರೆ ನಿಮ್ಮ ತಲೆ ಅರ್ಧ ಇಂಚು ಅತ್ತಿತ್ತ ಆದರೂ ಅಳತೆ ಕೆಡುತ್ತದೆ. ಮೂರು ಸಲ ನೋಡಿ.

ಸಿಟಿಯ ಸಂಖ್ಯೆಯನ್ನು ಇದರ ಜೊತೆ ಹೋಲಿಸಬೇಡಿ. ಅಲ್ಲಿ ಎರಡು ಕಡೆಯ ಮೂಳೆಯ ಅಂಚಿಗೆ ಗೆರೆ ಎಳೆದು ಕಾರ್ನಿಯಾವರೆಗೆ ಅಳೆಯುತ್ತಾರೆ. ರೋಗಿ ಮಲಗಿರುತ್ತಾರೆ, ಮಲಗಿದಾಗ ಕಣ್ಣು ತುಸು ಹಿಂದೆ ಸರಿಯುತ್ತದೆ. ಸಿಟಿಯನ್ನು ಸಿಟಿಗೇ ಹೋಲಿಸಬೇಕು.

ಲೂಡ್ ಒಳ್ಳೆಯದೇ, ದಪ್ಪ ಪಾರದರ್ಶಕ ಸ್ಕೇಲ್, ಹರ್ಟೆಲ್‌ಗೆ ಹೆದರುವ ಮಕ್ಕಳಿಗೆ ಅನುಕೂಲ. ಆದರೆ ಒಂದೊಂದೇ ಕಣ್ಣು ಅಳೆಯುವುದರಿಂದ ಪ್ರತಿಸಲ ಹಿಡಿಯುವ ಕೋನ ಬದಲಾಗಬಹುದು. ನಿಮ್ಮ ಗೊಂದಲಕ್ಕೆ ಅದು ಮೂರನೆಯ ಸಂಖ್ಯೆ ಸೇರಿಸುತ್ತದೆ, ಅಷ್ಟೇ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಬೈಕ್ ಅಪಘಾತದಲ್ಲಿ ಕೆನ್ನೆಮೂಳೆ ಮುರಿದು ಹಿಂದೆ ಸರಿದವರಿಗೆ ಹರ್ಟೆಲ್ ಮೋಸ ಮಾಡುತ್ತದೆ. ಪಾದ ಕೂರುವ ಜಾಗವೇ ಹಿಂದೆ ಹೋಗಿರುತ್ತದೆ, ಒಳಗೆ ಕುಸಿದ ಕಣ್ಣೂ ಸರಿಯಾಗಿದೆ ಎಂದು ಕಾಣುತ್ತದೆ. ಅಂಥವರಿಗೆ ಹುಬ್ಬಿನ ಮತ್ತು ಕೆಳಗಿನ ಮೂಳೆಯ ಮೇಲೆ ಕೂರುವ ನೌಗಲ್ ಎಂಬ ಉಪಕರಣ ಬೇಕು. ಕಣ್ಣುಗೂಡಿನ ಹೊರಗೋಡೆ ತೆಗೆದ ಆಪರೇಷನ್ ಆದವರಿಗೂ ಅದೇ.

ಉತ್ತರ 1:
ಸರಿಯಾದ ಮಾತು. ಮೇಡಂ, ಇನ್ನೊಂದು: ಕಣ್ಣು ಮೊದಲು ಹೇಗಿತ್ತು ಎಂದು ಹೋಲಿಸಲು ಡ್ರೈವಿಂಗ್ ಲೈಸೆನ್ಸ್, ಮದುವೆ ಫೋಟೋ ತರಲು ಹೇಳಿ. ಮೇಲಿನ ರೆಪ್ಪೆ ಎಳೆದುಕೊಂಡರೂ ಕಣ್ಣು ಉಬ್ಬಿದಂತೆ ಕಾಣುತ್ತದೆ. ಎರಡು ಕಣ್ಣಿನ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಒಂದೇ ಉಪಕರಣ, ಒಂದೇ ಬೇಸ್‌ನಲ್ಲಿ 2 ಮಿ.ಮೀ. ಏರಿದರೆ ಗಂಭೀರವಾಗಿ ತೆಗೆದುಕೊಳ್ಳಿ. ದೃಷ್ಟಿ ಮಂಜಾದರೆ, ಕೆಂಪು ಬಣ್ಣ ಮಾಸಿದಂತೆ ಕಂಡರೆ ಅಳತೆಗೆ ಕಾಯಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿ.

ಪ್ರಶ್ನೆ ಕೇಳಿದವರು:
ಹಳೆಯದು ಬೀರುವಿನಲ್ಲೇ ಇತ್ತು ಸರ್. ಕನ್ನಡಿ ಒರೆಸಿ, 97ಕ್ಕೆ ಇಟ್ಟು ಮೂರು ಸಲ ನೋಡಿದೆ: 18 ಮತ್ತು 19, ಒಂದು ಸಲ ಮಾತ್ರ ಎಡಕ್ಕೆ 20. ಡಾಕ್ಟರಿಗೆ ಎರಡೂ ಹಾಳೆ ತೋರಿಸಿದೆ. ಸ್ಟೀರಾಯ್ಡ್ ಸದ್ಯಕ್ಕೆ ಬೇಡ, ಆರು ವಾರ ಬಿಟ್ಟು ನೋಡೋಣ ಅಂದರು. ಅವರ ಕಾರ್ಡಿನ ಮೇಲೆ ‘ಹಳೆಯ ಹರ್ಟೆಲ್, ಬೇಸ್ 97’ ಎಂದು ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.